ಗುತ್ತಿಗೆ ಮೇಲಿರುವ ಸರ್ಜನ್‌ಗೆ ಹೆರಿಗೆ ರಜೆ ಸಿಗುತ್ತಾ?

ಮೂರು ತಿಂಗಳ ಗರ್ಭಿಣಿ, ಕೊಡಗಿನ ಖಾಸಗಿ ಆಸ್ಪತ್ರೆಯಲ್ಲಿ ಮೂಳೆ ಸರ್ಜನ್, ಹೆರಿಗೆಗೆ ಮುಂಚೆಯೇ ಒಂದು ವರ್ಷದ ಗುತ್ತಿಗೆ ಮುಗಿಯುತ್ತದೆ ಎಂದಿದ್ದೀರಿ. ರಜೆ ಸಿಗುತ್ತಾ, ಯಾವಾಗ ಹೇಳಲಿ ಅಂತ ನಿಮ್ಮ ಪ್ರಶ್ನೆ. ಸಿಗುತ್ತದೆ. ಇವತ್ತೇ ಹೇಳಿ.

ನಾನೂ ಮಡಿಕೇರಿಯಲ್ಲಿ ಇದೇ ಕೆಲಸ ಮಾಡುವವಳು. ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಐದು ತಿಂಗಳು ಬಾಯಿ ಬಿಡಲಿಲ್ಲ. ಮಳೆಗೆ ಮುಂಚಿನ ದಿನಗಳು. ತೋಟಗಳಲ್ಲಿ ಮರ ಕಪಾತು ಜೋರಾಗಿತ್ತು, ಮರದಿಂದ ಬಿದ್ದವರು ಬರುತ್ತಲೇ ಇದ್ದರು. ತೊಡೆ ಮೂಳೆಗೆ ರಾಡ್ ಹಾಕುವಾಗ, ಆಪರೇಷನ್ ನಡೆಯುತ್ತಿರುವಾಗಲೇ ಮೂಳೆ ತೋರಿಸುವ ಸಿ-ಆರ್ಮ್ ಎಕ್ಸ್‌ರೇ ಬೇಕೇ ಬೇಕು ಅಲ್ವಾ? ಸೀಸದ ಏಪ್ರನ್ ಹಿಂದೆ ಇನ್ನೊಂದು ಜೀವ ಇದೆ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಗರ್ಭಿಣಿ ಎಂದು ತಿಳಿಸಿದ ಮೇಲೆ ಮಗುವಿಗೆ ತಾಗುವ ವಿಕಿರಣ 1 ಮಿಲಿಸೀವರ್ಟ್ (ವಿಕಿರಣದ ಅಳತೆ) ದಾಟಬಾರದು ಎಂಬುದು ನಿಯಮ. ನೀವು ತಿಳಿಸದಿದ್ದರೆ ಆ ಲೆಕ್ಕವನ್ನು ಯಾರೂ ಇಡುವುದಿಲ್ಲ. ಮಗ ಚೆನ್ನಾಗಿದ್ದಾನೆ. ಆದರೂ ಆ ರಾತ್ರಿಗಳ ಸಂಕಟ ನಿಮಗೆ ಬೇಡ.

ಕೊನೆಗೆ ಹೇಳಿದಾಗ ಮ್ಯಾನೇಜರ್, "ಗುತ್ತಿಗೆ ಆಗಸ್ಟ್‌ಗೆ ಮುಗಿಯುತ್ತೆ ಮೇಡಂ, ರಜೆಯ ಮಾತೇ ಇಲ್ಲ" ಎಂದರು. ನಂಬಿ ರಾಜೀನಾಮೆ ಕೊಟ್ಟೆ. ಆಗ ಈಗಿನ ತೀರ್ಪು ಇರಲಿಲ್ಲ. 2023ರಲ್ಲಿ ದೆಹಲಿಯ ಗುತ್ತಿಗೆ ವೈದ್ಯೆ ಡಾ. ಕವಿತಾ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಅರ್ಹತೆ ಇದ್ದರೆ, ಗುತ್ತಿಗೆ ಮುಗಿದ ಮೇಲೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು. ಅರ್ಹತೆ ಎಂದರೆ, ಹೆರಿಗೆಯ ಅಂದಾಜು ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಅಷ್ಟೇ.

ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಅದರಲ್ಲಿ 8 ವಾರ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಕೊನೆಯ ತಿಂಗಳುಗಳಲ್ಲಿ, ತುಂಬಾ ಹೊತ್ತು ನಿಂತು ಮಾಡುವ ಕೆಲಸ ಬೇಡ ಎಂದು ಕೇಳುವ ಹಕ್ಕೂ ಕಾನೂನಿನಲ್ಲಿದೆ. ಮೂರ್ನಾಲ್ಕು ಗಂಟೆ ಟೇಬಲ್ ಮುಂದೆ ನಿಲ್ಲುವ ನಮಗಾಗಿಯೇ ಬರೆದಂತಿದೆ!

ಬಾಯಿಮಾತು ಬೇಡ, ಪತ್ರ ಕೊಡಿ. ಹೆರಿಗೆಯ ಅಂದಾಜು ದಿನ, ರಜೆ ಶುರುವಾಗುವ ದಿನ, ಸಿ-ಆರ್ಮ್ ಕೇಸ್‌ಗಳಿಂದ ಬಿಡುವು, ಹೊಟ್ಟೆ ಹತ್ತಿರ ಹಾಕಲು ವಿಕಿರಣ ಅಳೆಯುವ ಇನ್ನೊಂದು ಬ್ಯಾಡ್ಜ್, ಎಲ್ಲ ಬರೆಯಿರಿ. ನಕಲಿನ ಮೇಲೆ ಆಸ್ಪತ್ರೆಯ ಸೀಲ್, ತಾರೀಖು ಹಾಕಿಸಿಕೊಳ್ಳಿ. ಯಾರು ಎಷ್ಟೇ ಒತ್ತಾಯ ಮಾಡಿದರೂ ರಾಜೀನಾಮೆಗೆ ಸಹಿ ಹಾಕಬೇಡಿ. ಪತ್ರ ಬರೆಯುವುದು ಕಷ್ಟ ಅನಿಸಿದರೆ ಇಲ್ಲೇ ಕೇಳಿ, ಕರಡು ನಾನು ಬರೆದುಕೊಡುತ್ತೇನೆ.