ಜಗಲಿಯ ನಾಯಿಗಳು, ಒಳಗಿನ ಪುಸ್ತಕಗಳು

ಹೊನ್ನಾವರದ ಹತ್ತಿರದ ಮೀನುಗಾರರ ಕೇರಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಯುವಕ ಸಂಘದ ಕಟ್ಟಡದಲ್ಲಿ ಆರುನೂರರಷ್ಟು ಪುಸ್ತಕಗಳಿವೆ, ಜಗಲಿಯಲ್ಲಿ ನಾಲ್ಕು ನಾಯಿಗಳು ಮಲಗುತ್ತವೆ. ಮಳೆಗಾಲ ಬಂತೆಂದರೆ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ಗೋಡೆಯ ಮೇಲೆ ಉಣ್ಣಿ ಹರಿಯುತ್ತವೆ. ನಾಯಿಗಳನ್ನು ಓಡಿಸಿದರೆ ಎರಡೂ ಸರಿಹೋಗುತ್ತದೆ ಎಂದು ಹಿರಿಯರು ಹೇಳುತ್ತಿದ್ದಾರಂತೆ. ಮಳೆ ಮುಗಿಯುವವರೆಗೆ ಪುಸ್ತಕ ಕೊಡುವುದನ್ನು ನಿಲ್ಲಿಸಬೇಕೇ ಎಂಬುದು ಅವರ ಕೊನೆಯ ಪ್ರಶ್ನೆ.

ನಮಸ್ಕಾರ. ನಿಮ್ಮ ತೊಂದರೆಯೆಲ್ಲ ಒಟ್ಟಿಗೆ ಬರುವುದಕ್ಕೆ ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ದಡದಲ್ಲಿ ಮೀನಿನ ತ್ಯಾಜ್ಯ ಕಡಿಮೆಯಾಗುತ್ತದೆ, ಹಸಿದ ನಾಯಿಗಳು ಮಳೆಗೆ ಹೆದರಿ ಜಗಲಿ ಹತ್ತುತ್ತವೆ. ದೋಣಿ ಮೇಲೆಳೆದು ಕೂತ ಜನರಿಗೂ ಓದಲು ಸಿಗುವ ಬಿಡುವು ಅದೇ. ಗಾಳಿಯಲ್ಲಿ ನೀರು ಅತಿ ಹೆಚ್ಚಿರುವುದೂ ಆಗಲೇ. ನಾಯಿ, ಓದುಗ, ತೇವ ಮೂರೂ ಒಂದೇ ಬಾಗಿಲಿಗೆ ಬಂದಾಗ ತಪ್ಪು ನಾಯಿಯ ತಲೆಗೆ ಕಟ್ಟುವುದು ಸುಲಭ. ಬೂಷ್ಟಿಗೂ ನಾಯಿಗೂ ಸಂಬಂಧವಿಲ್ಲ. ಉಣ್ಣಿಗೆ ಇದೆ, ಆದರೆ ನಾಯಿ ಹೋದ ಮಾತ್ರಕ್ಕೆ ಉಣ್ಣಿ ಹೋಗುವುದಿಲ್ಲ.

ಮೊದಲು ಬೂಷ್ಟಿನ ಮಾತು. ಗಾಳಿಯ ತೇವಾಂಶ ಶೇ. 65 ದಾಟಿ ಕೆಲವು ದಿನ ಹಾಗೇ ನಿಂತರೆ ಕಾಗದದ ಮೇಲೆ, ಅದಕ್ಕಿಂತ ಮೊದಲು ಬಟ್ಟೆ ಬೈಂಡಿನ ಅಂಟಿನ ಮೇಲೆ ಬೂಷ್ಟು ಏಳುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲದ ತೇವಾಂಶ ವಾರಗಟ್ಟಲೆ ಶೇ. 85ರ ಮೇಲೆಯೇ ಇರುತ್ತದೆ. ಜತೆಗೆ ಕಡಲಗಾಳಿ ತಂದ ಉಪ್ಪು ಪುಸ್ತಕದ ಮೇಲಂಚಿನಲ್ಲಿ ಧೂಳಿನೊಂದಿಗೆ ಕೂತಿರುತ್ತದೆ. ತೇವಾಂಶ ಶೇ. 75 ದಾಟಿದರೆ ಉಪ್ಪು ಗಾಳಿಯ ನೀರನ್ನು ಹೀರಿ ತಾನೇ ಒದ್ದೆಯಾಗುತ್ತದೆ. ಆದ್ದರಿಂದ ಮೇ ತಿಂಗಳ ಮೂರನೆಯ ವಾರದೊಳಗೆ, ಬಿಸಿಲು ಖಡಕ್ ಇರುವಾಗಲೇ, ಪ್ರತಿ ಪುಸ್ತಕವನ್ನೂ ಹೊರತೆಗೆದು ಒಣ ಹತ್ತಿಬಟ್ಟೆಯಿಂದ ಮೂರೂ ಅಂಚು ಒರೆಸಿ. ಒದ್ದೆ ಬಟ್ಟೆ ಬೇಡ.

ಕಪಾಟುಗಳನ್ನು ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಎಳೆಯಿರಿ. ಕೆಂಪುಕಲ್ಲಿನ ಗೋಡೆ ಮಳೆಯ ನೀರನ್ನು ಕುಡಿದು ಒಳಮುಖಕ್ಕೆ ಬಿಡುತ್ತದೆ. ಪಶ್ಚಿಮದ ಗೋಡೆಗೆ ಕಡಲಿನ ಮಳೆ ನೇರ ಬಡಿಯುವುದರಿಂದ ಅಲ್ಲಿ ಕಪಾಟು ಇಡಲೇಬೇಡಿ. ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಪುಸ್ತಕಗಳನ್ನು ಒತ್ತಿ ತುಂಬಬೇಡಿ, ಬೆರಳು ಸುಲಭವಾಗಿ ನುಗ್ಗುವಷ್ಟು ಸಡಿಲ ಬೇಕು. ಮಳೆ ಸುರಿಯುವಾಗ ಗಾಳಿಯಾಡಲೆಂದು ಕಿಟಕಿ ತೆರೆದಿಡುವುದು ಅನೇಕರ ರೂಢಿ. ಒಳಗೆ ಬರುವುದು ಹೊರಗಿನ ತೇವವೇ. ಕಿಟಕಿ ಮುಚ್ಚಿ, ಸೀಲಿಂಗ್ ಫ್ಯಾನನ್ನು ನಿಧಾನವಾಗಿ ತಿರುಗಲು ಬಿಡಿ. ನಿಂತ ಗಾಳಿಯೇ ಬೂಷ್ಟಿನ ತವರು.

ಬಾಗಿಲಿರುವ ಕಪಾಟಾದರೆ ಬಲ್ಬಿನ ಉಪಾಯ ಈಗಲೂ ಒಳ್ಳೆಯದು. 27 ಡಿಗ್ರಿಯಲ್ಲಿ ಶೇ. 90 ತೇವಾಂಶವಿರುವ ಗಾಳಿಯನ್ನು 32 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ಹನಿ ನೀರೂ ಕಡಿಮೆಯಾಗದೆ, ತೇವಾಂಶ ಶೇ. 67ಕ್ಕೆ ಇಳಿಯುತ್ತದೆ. ಹಳೆಯ ತಂತಿ ಬಲ್ಬೇ ಬೇಕು, ಎಲ್‌ಇಡಿಯಲ್ಲಿ ಸಾಕಷ್ಟು ಶಾಖವಿಲ್ಲ. 15ರಿಂದ 25 ವಾಟ್ ಸಾಕು. ತಳದ ಖಾನೆಯನ್ನು ಪೂರ್ತಿ ಖಾಲಿ ಬಿಟ್ಟು, ಪಿಂಗಾಣಿ ಹೋಲ್ಡರಿನಲ್ಲಿ, ತಂತಿಬಲೆಯ ಒಳಗೆ ಕೂರಿಸಿ. ಹಲಗೆಗಳಿಗೆ ತೂತಿಲ್ಲದಿದ್ದರೆ ಬಿಸಿ ಮೇಲೇರದು, ತಳವೊಂದೇ ಕಾಯುತ್ತದೆ. ಅದು ಬೆಂಕಿಗೆ ದಾರಿ. ಕಟ್ಟಡದಲ್ಲಿ ಯಾರೂ ಇಲ್ಲದಾಗ ಉರಿಸಬೇಡಿ.

ಅಪರೂಪದ ನಲವತ್ತು ಐವತ್ತು ಪುಸ್ತಕಗಳನ್ನು ಮಾತ್ರ ಬೇರೆ ಇಡಿ. ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿರುವ ನೂರು ಲೀಟರಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ತೇವ ಹೀರುವ ಹರಳು, ಅಂದರೆ ಸಿಲಿಕಾ ಜೆಲ್, ಎರಡು ಕಿಲೋ ಬೇಕಾಗುತ್ತದೆ. ಔಷಧದ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣಗಳಿಂದ ಏನೂ ಆಗದು. ನೀಲಿ ಹರಳಿನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದನ್ನು ಕೊಳ್ಳಿ. ಬಣ್ಣ ಮಾಸಿದಾಗ 120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು. ಪೆಟ್ಟಿಗೆಗೆ ಹಾಕುವ ದಿನ ಪುಸ್ತಕ ಒಣಗಿರಲೇಬೇಕು, ಇಲ್ಲವಾದರೆ ತೇವವನ್ನು ಒಳಗೇ ಕೂಡಿಹಾಕಿದಂತೆ.

ಬೂಷ್ಟು ಬಂದೇಬಿಟ್ಟ ಪುಸ್ತಕವನ್ನು ಒಳಗೆ ಕೊಡವಬೇಡಿ. ಅದರ ಪುಡಿ ಪಕ್ಕದ ನೂರು ಪುಸ್ತಕಗಳಿಗೆ ಹಾರುತ್ತದೆ. ಕಾಗದದ ಚೀಲದಲ್ಲಿಟ್ಟು ಹೊರಗೆ ತನ್ನಿ, ನೆರಳಿನಲ್ಲಿ ಗಾಳಿಗೆ ಪೂರ್ತಿ ಒಣಗಲಿ. ಆಮೇಲೆ ಎನ್-95 ಮಾಸ್ಕ್ ಹಾಕಿಕೊಂಡು ಮೆತ್ತನೆಯ ಕುಂಚದಿಂದ, ನಿಮ್ಮ ಮುಖದಿಂದ ಆಚೆಗೆ ಗುಡಿಸಿ. ಹಸಿಯಿರುವಾಗ ಉಜ್ಜಿದರೆ ಕಲೆ ನಾರಿನೊಳಗೆ ಇಳಿಯುತ್ತದೆ. ನೇರ ಬಿಸಿಲಿಗೆ ಇಟ್ಟರೆ ರಟ್ಟು ಬಾಗುತ್ತದೆ, ಹಾಳೆ ಕಂದುತ್ತದೆ. ಕಡಲನೀರು ತಾಗಿದ ಪುಸ್ತಕವಾದರೆ ಮುಚ್ಚಿದ ಸ್ಥಿತಿಯಲ್ಲೇ ಸಿಹಿನೀರಿನಲ್ಲಿ ಅದ್ದಿ ಉಪ್ಪು ತೊಳೆದು, ಹತ್ತು ಹತ್ತು ಹಾಳೆಗೊಂದು ಹೀರುಕಾಗದ ಇಟ್ಟು ಒಣಗಿಸಿ. 48 ಗಂಟೆಯೊಳಗೆ ಈ ಕೆಲಸ ಆಗಬೇಕು. ಹೊಳಪುಕಾಗದದ ಪುಸ್ತಕವಾದರೆ ಪ್ರತಿ ಹಾಳೆಯ ನಡುವೆಯೂ ಕಾಗದ ಬೇಕು, ಒಮ್ಮೆ ಅಂಟಿದರೆ ಬಿಡಿಸಲು ಬಾರದು. ಹಳೆಯ ವಾರಪತ್ರಿಕೆಗಳ ಪಿನ್ನುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಮಧ್ಯದ ಹಾಳೆಗಳನ್ನೇ ತಿನ್ನುತ್ತವೆ. ಕಿತ್ತು ಹತ್ತಿದಾರದಿಂದ ಹೊಲಿಯಿರಿ.

ಒಂದು ವಸ್ತುವನ್ನು ಮಾತ್ರ ನಿಮ್ಮ ಕಟ್ಟಡಕ್ಕೆ ತರಲೇಬೇಡಿ: ನುಸಿಗುಳಿಗೆ. ಅದು ಬೂಷ್ಟನ್ನು ತಡೆಯುವುದಿಲ್ಲ. ಉರುಳಿ ಕೆಳಗೆ ಬಿದ್ದದ್ದನ್ನು ನಾಯಿಮರಿ ನುಂಗಿದರೆ ಪ್ರಾಣಕ್ಕೇ ಅಪಾಯ.

ಇನ್ನು ಉಣ್ಣಿ. ನಾಯಿಯ ಕಂದು ಉಣ್ಣಿ ತನ್ನ ಬದುಕಿನ ಬಹುಪಾಲನ್ನು ನಾಯಿಯ ಮೈಮೇಲೆ ಕಳೆಯುವುದಿಲ್ಲ. ರಕ್ತ ಕುಡಿದು ತುಂಬಿದ ಹೆಣ್ಣು ಕೆಳಗೆ ಬಿದ್ದು, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಬಿರುಕು ಸಿಗದಿದ್ದರೆ ಕಪಾಟಿನ ಹಲಗೆಯ ಸಂದು, ಬಾಗಿಲ ಚೌಕಟ್ಟು. ದೊಡ್ಡ ಉಣ್ಣಿ ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯಬಲ್ಲದು. ನಾಯಿಗಳನ್ನು ಓಡಿಸಿದ ಮೇಲೂ ಗೋಡೆಯಲ್ಲಿ ಉಣ್ಣಿ ಕಾಣುವುದು ಇದಕ್ಕೇ. ಹಾಗಾಗಿ ನಾಯಿ ಮತ್ತು ಕಟ್ಟಡ, ಎರಡಕ್ಕೂ ಒಂದೇ ದಿನ ಚಿಕಿತ್ಸೆ ಆಗಬೇಕು. ಬಿರುಕುಗಳನ್ನು ಸಿಮೆಂಟಿನಿಂದ, ಹಲಗೆಯ ಸಂದುಗಳನ್ನು ಪುಟ್ಟಿಯಿಂದ ಮುಚ್ಚಿ. ನಾಯಿಗಳಿಗೆ ತೂಕಕ್ಕೆ ತಕ್ಕ ಔಷಧವನ್ನು ಪಶುವೈದ್ಯರಿಂದಲೇ ಪಡೆಯಿರಿ. ದನದ ಔಷಧವನ್ನು ಅಂದಾಜಿನಲ್ಲಿ ಕಲಸಿ ಬಳಿಯುವುದರಿಂದ ನಾಯಿಗಳು ಸಾಯುತ್ತವೆ, ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಪಕ್ಕದಲ್ಲಿ ಮಲಗುವ ಬೆಕ್ಕೂ ಉಳಿಯದು. ಮೊಟ್ಟೆಗೆ ಔಷಧ ತಾಗುವುದಿಲ್ಲ, ಅವು ಒಡೆಯಲು ವಾರಗಳು ಬೇಕು. ಒಂದೇ ಸಲಕ್ಕೆ ಬಿಟ್ಟವರಿಗೆ ತಿಂಗಳೊಳಗೆ ಮತ್ತೆ ಉಣ್ಣಿ ಕಾಣುವುದು ಈ ಕಾರಣದಿಂದ. ವೈದ್ಯರು ಹೇಳಿದ ಅಂತರದಲ್ಲಿ ಮೂರು ನಾಲ್ಕು ತಿಂಗಳು ಮುಂದುವರಿಸಿ. ಮಂಗನ ಕಾಯಿಲೆಯ ಭಯವನ್ನೂ ಬರೆದಿದ್ದೀರಿ. ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಬೇರೆ ಜಾತಿಯ ಉಣ್ಣಿ. ಆದರೆ ನಾಯಿಯ ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ಅದು ಕಂದು ಉಣ್ಣಿ ತಂದ ಜ್ವರವಿರಬಹುದು, ತಡಮಾಡಬೇಡಿ.

ನಾಯಿಗಳಿಗೆ ಜಗಲಿಯ ಪೂರ್ವದ ಮೂಲೆ ಕೊಡಿ. ನೆಲದಿಂದ ನಾಲ್ಕು ಇಂಚು ಎತ್ತರದ ಹಲಗೆ, ಮೇಲೆ ಗೋಣಿ. ವಾರಕ್ಕೊಮ್ಮೆ ಗೋಣಿಯನ್ನು ಕುದಿಯುವ ನೀರಿಗೆ ಹಾಕಿ. ಊಟ ಕಟ್ಟಡದ ಹಿಂದೆ, ದಿನವೂ ಒಂದೇ ಹೊತ್ತಿಗೆ: ಅನ್ನ, ಮುಳ್ಳು ತೆಗೆದ ಬೇಯಿಸಿದ ಮೀನು. ಒಣಮೀನು ಬೇಡ, ಉಪ್ಪು ಜಾಸ್ತಿ. ಬಲೆಯಿಂದ ಬಿಡಿಸಿ ಎಸೆದ, ತನ್ನ ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಳ್ಳುವ ಮೀನು ದಡದಲ್ಲಿ ಬಿದ್ದಿದ್ದರೆ ಮರಳಿನಲ್ಲಿ ಆಳವಾಗಿ ಹೂಳಿ, ಅದರ ವಿಷಕ್ಕೆ ಮದ್ದಿಲ್ಲ.

ನಾಲ್ಕೂ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ದಿನಾಂಕವನ್ನು ಪುಸ್ತಕ ಕೊಡುವ ರಿಜಿಸ್ಟರಿನ ಕೊನೆಯ ಪುಟದಲ್ಲಿ ಬರೆದಿಡಿ, ವರ್ಷಕ್ಕೊಮ್ಮೆ ಲಸಿಕೆ ಮತ್ತೆ ಹಾಕಿಸಿ. ಸಂತಾನಹರಣವೂ ಆಗಲಿ. ಲಸಿಕೆಯಾದ, ಮಕ್ಕಳ ಗುರುತಿರುವ ನಾಯಿಗಳನ್ನು ಓಡಿಸಿದರೆ ಆ ಜಗಲಿಗೆ ಲಸಿಕೆಯಿಲ್ಲದ ಬೇರೆ ನಾಯಿಗಳು ಬರುತ್ತವೆ. ಹಿರಿಯರಿಗೆ ಹೇಳಬೇಕಾದ ಮಾತು ಇದೇ. ಇಷ್ಟಾಗಿಯೂ ಕಚ್ಚಿದರೆ ಅಥವಾ ಉಗುರು ತಾಗಿ ಚರ್ಮ ತರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸು ಯಾವುದೂ ಬೇಡ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದ ಪದರಕ್ಕೆ ಕೊಡುವ ಲಸಿಕೆಯನ್ನು ಮೊದಲ ದಿನ, ಅಲ್ಲಿಂದ 3, 7 ಮತ್ತು 28ನೇ ದಿನ ಕೊಡುತ್ತಾರೆ. ರಕ್ತ ಬಂದಿದ್ದರೆ ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್ (ಲಸಿಕೆ ಕೆಲಸ ಶುರುಮಾಡುವವರೆಗೆ ಕಾಯುವ ಸೂಜಿಮದ್ದು) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ನಾಯಿ ಸೌಮ್ಯವಾದದ್ದೆಂದು ಒಂದು ಸೂಜಿಯನ್ನೂ ಬಿಡಬೇಡಿ.

ಪುಸ್ತಕ ಕೊಡುವುದನ್ನು ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಆ ಎರಡು ತಿಂಗಳಲ್ಲೇ ಹೆಚ್ಚು ಕೊಡಿ. ದಿನವೂ ತೆರೆದು ಮಗುಚುವ ಪುಸ್ತಕದ ಹಾಳೆಗಳಿಗೆ ಗಾಳಿ ತಾಗುತ್ತದೆ, ಕಪಾಟಿನಲ್ಲೂ ಜಾಗ ಸಡಿಲವಾಗುತ್ತದೆ. ಒಬ್ಬರಿಗೆ ಎರಡರ ಬದಲು ನಾಲ್ಕು ಪುಸ್ತಕ, ಹದಿನೈದು ದಿನದ ಗಡುವು. ಒಯ್ಯಲು ಜಿಪ್ ಇರುವ ಪ್ಲಾಸ್ಟಿಕ್ ಚೀಲ ಕೊಡಿ, ಮನೆ ಮುಟ್ಟಿದೊಡನೆ ಪುಸ್ತಕವನ್ನು ಚೀಲದಿಂದ ತೆಗೆದಿಡಬೇಕೆಂದು ಚೀಲದ ಮೇಲೆಯೇ ಬರೆದು ಅಂಟಿಸಿ. ಹಿಂದಿರುಗಿದ ಪುಸ್ತಕಗಳು ಒಂದು ದಿನ ಫ್ಯಾನಿನ ಕೆಳಗಿನ ಮೇಜಿನ ಮೇಲೆ ಅರೆತೆರೆದು ನಿಂತಿರಲಿ, ಆಮೇಲೆ ಕಪಾಟು ಸೇರಲಿ.

— ಸಂಪಾದಕ