ಚಿನ್ನದ ನ್ಯಾನೊಕಣಗಳು ನೀಲಿಯಾಗುತ್ತಿವೆ: ಪ್ರತಿಕ್ರಿಯೆ
ಪುಣೆಯ ನಿಮ್ಮ ಲ್ಯಾಬಿನಲ್ಲಿ ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಹೊತ್ತ ಚಿನ್ನದ ಕಣಗಳು ಕೋಶ ಬೆಳೆಸುವ ದ್ರವವಾದ ಮೀಡಿಯಂಗೆ ಬಿದ್ದೊಡನೆ ಕೆಂಪಿನಿಂದ ನೀಲಿಗೆ ತಿರುಗುತ್ತವೆ ಎಂದಿದ್ದೀರಿ. ಔಷಧ ಕೆಟ್ಟಿಲ್ಲ. ಕಣಗಳನ್ನು ಪರಸ್ಪರ ದೂರ ಇಡುವ ಸಿಟ್ರೇಟ್ ಕವಚದ ಋಣಾವೇಶವನ್ನು ಮೀಡಿಯಂನ ಉಪ್ಪು ಮರೆಮಾಡಿ ಕಣಗಳು ಗುಂಪುಗಟ್ಟಿವೆ. ಧನಾವೇಶದ ಔಷಧವೂ ಅದಕ್ಕೆ ನೆರವಾಗುತ್ತದೆ. ಹಾಗಾಗಿ ಔಷಧಕ್ಕೂ ಮೊದಲು ಥಯೋಲ್-ಪೆಗ್ (ಚಿನ್ನಕ್ಕೆ ಅಂಟಿ ಕಣಗಳನ್ನು ಬೇರೆಯಾಗಿಡುವ ಪಾಲಿಮರ್) ಸೇರಿಸಿ ರಾತ್ರಿಯಿಡೀ ಬಿಡಿ, ಸೆಂಟ್ರಿಫ್ಯೂಜ್ ಮಾಡಿ ತೊಳೆಯಿರಿ. ಬಳಿಕ ಸ್ವಲ್ಪವನ್ನು ಉಪ್ಪಿನ ಬಫರ್ ದ್ರಾವಣವಾದ ಪಿಬಿಎಸ್‌ನಲ್ಲಿ ನೋಡಿ: 520 ನ್ಯಾನೊಮೀಟರ್ ಆಸುಪಾಸಿನ ಬೆಳಕು ಹೀರುವಿಕೆಯ ಶಿಖರ ಬಹಳ ಕದಲಬಾರದು.

ನನಗೆ ಹೆಚ್ಚು ಆತಂಕ ನಿಮ್ಮ ಎಂಟಿಟಿ (ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಅಂಕಿಗಳದ್ದು. ಆ ಬಣ್ಣವನ್ನು ಅಳೆಯುವ 570 ನ್ಯಾನೊಮೀಟರ್ ಬಳಿ ಚಿನ್ನವೂ ಬೆಳಕು ಹೀರುವುದರಿಂದ ಸತ್ತ ಕೋಶಗಳೂ ಬದುಕಿದಂತೆ ತೋರುತ್ತವೆ. ಕೋಶವಿಲ್ಲದೆ ಬರೀ ಕಣಗಳಿರುವ ಪ್ಲೇಟಿನ ಗುಳಿಗಳ, ಅಂದರೆ ವೆಲ್‌ಗಳ ರೀಡಿಂಗ್ ಕಳೆಯಲೇಬೇಕು. ಔಷಧವಿಲ್ಲದ ಖಾಲಿ ಕಣ, ಕಣವಿಲ್ಲದ ಬಿಡಿ ಔಷಧ ಎರಡನ್ನೂ ಅದೇ ಪ್ಲೇಟಿನಲ್ಲಿ ಇಡಿ. ಇಲ್ಲದಿದ್ದರೆ ಔಷಧಕ್ಕೆ ಜಗ್ಗದ ಪ್ರತಿರೋಧಿ ಕೋಶ ಮಣಿದದ್ದು ಯಾವುದಕ್ಕೆಂದು ಹೇಳಲಾಗದು.