ಮನೆಯ ಫ್ರೀಜರನ್ನು ಚೆನ್ನಾಗಿ ಬಳಸಿಕೊಳ್ಳುವುದು ಹೇಗೆ?

ನೀವು ಮೂರು ವಿಷಯ ಕೇಳಿದ್ದೀರಿ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಎರಡು ಬಾಗಿಲಿನ ಫ್ರಿಡ್ಜ್ ಬಂದಿದೆ, ಮೇಲಿನ ಫ್ರೀಜರಿನಲ್ಲಿ ಐಸ್ ಟ್ರೇ ಮತ್ತು ಐಸ್‌ಕ್ರೀಮ್ ಬಿಟ್ಟರೆ ಏನೂ ಇಲ್ಲ, ಅದರಲ್ಲಿ ಏನೇನು ಇಡಬಹುದು ಎಂಬುದು ಒಂದು. ತಿಂಗಳುಗಟ್ಟಲೆ ಇಟ್ಟ ಪದಾರ್ಥ ತಿನ್ನುವುದು ಒಳ್ಳೆಯದಲ್ಲ ಎನ್ನುವ ನಿಮ್ಮ ಅತ್ತೆಯವರಿಗೆ ಏನು ಹೇಳಬೇಕು ಎಂಬುದು ಇನ್ನೊಂದು. ಪ್ರತ್ಯೇಕ ಡೀಪ್ ಫ್ರೀಜರ್ ಕೊಳ್ಳಬೇಕೇ ಎಂಬುದು ಕೊನೆಯದು. ನಮ್ಮ ಮನೆಯಲ್ಲಿ ವರ್ಷಗಳಿಂದ ಫ್ರೀಜರನ್ನು ಲೆಕ್ಕವಿಟ್ಟು ಬಳಸುತ್ತಾ ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಹೆಚ್ಚಿನ ಮನೆಗಳಲ್ಲಿ ಫ್ರೀಜರಿಗೆ ಹೋಗುವುದು ರಾತ್ರಿ ಮಿಕ್ಕ ಹುಳಿ, ಎಸೆಯಲು ಮನಸ್ಸು ಬಾರದ ಪಲ್ಯ, ಬಾಡಲು ಶುರುವಾದ ತರಕಾರಿ. ಹಾಗೆ ಒಳಗೆ ಹೋದದ್ದನ್ನು ಹೊರಗೆ ತೆಗೆಯುವ ಉತ್ಸಾಹ ಯಾರಿಗೂ ಇರುವುದಿಲ್ಲ. ಫ್ರೀಜರ್ ತನಗೆ ಕೊಟ್ಟದ್ದನ್ನು ಹೆಚ್ಚೆಂದರೆ ಇದ್ದ ಹಾಗೆ ಹಿಡಿದಿಡಬಲ್ಲದು. ಅದಕ್ಕಿಂತ ಉತ್ತಮವಾಗಿ ಹಿಂದಿರುಗಿಸಲಾರದು. ಆದ್ದರಿಂದ ಯಾವ ಪದಾರ್ಥವೇ ಆಗಲಿ, ಸುಗ್ಗಿಯಲ್ಲಿ, ಬೆಲೆ ಇಳಿದಿರುವಾಗ, ರುಚಿ ಏರಿರುವಾಗ, ಸಾಧ್ಯವಾದರೆ ತಂದ ದಿನವೇ ಅದರೊಳಗೆ ಹೋಗಬೇಕು. ನಾನು ಪಾಲಿಸುವ ಮುಖ್ಯ ನಿಯಮ ಇದೊಂದೇ.

ನಿಮ್ಮ ಅತ್ತೆಯವರ ಅನುಮಾನದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಬೇಡಿ. ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಹಾರ ಕೆಡಿಸುವ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ, ಆದರೆ ಬಹುಪಾಲು ಸಾಯುವುದೂ ಇಲ್ಲ. ಕರಗಿ ಬೆಚ್ಚಗಾದೊಡನೆ ಮತ್ತೆ ಚುರುಕಾಗುತ್ತವೆ. ಅರ್ಧ ದಿನ ಒಲೆಯ ಪಕ್ಕದಲ್ಲಿದ್ದ ಸಾರನ್ನು ಆಮೇಲೆ ಫ್ರೀಜರಿಗೆ ಇಟ್ಟರೆ ಅದು ಶುದ್ಧವಾಗುವುದಿಲ್ಲ ಎಂಬ ಅವರ ಮಾತು ಸರಿ. ಆದರೆ ಅಡುಗೆಯಾದ ಎರಡು ಗಂಟೆಯೊಳಗೆ ಆರಿಸಿ ಒಳಗಿಟ್ಟದ್ದು, ಉಷ್ಣತೆ ಮೈನಸ್ 18ರಲ್ಲೇ ನಿಂತಿದ್ದರೆ, ತಿಂಗಳುಗಳ ನಂತರವೂ ತಿನ್ನಲು ಸುರಕ್ಷಿತ. ಕಾಲ ಕಳೆದಂತೆ ಕಡಿಮೆಯಾಗುವುದು ಬಣ್ಣ, ಪರಿಮಳ ಮತ್ತು ಹದ. ಪೋಷಕಾಂಶಗಳ ವಿಷಯದಲ್ಲಿ, ಹೆಪ್ಪುಗಟ್ಟುವುದರಿಂದ ಪ್ರೋಟೀನಿಗಾಗಲಿ ಖನಿಜಗಳಿಗಾಗಲಿ ಹೇಳಿಕೊಳ್ಳುವಂಥ ನಷ್ಟವಿಲ್ಲ. ತರಕಾರಿಯನ್ನು ಮೊದಲು ಬಿಸಿನೀರಿಗೆ ಹಾಕುವಾಗ ವಿಟಮಿನ್ ಸಿ ಒಂದಷ್ಟು ಹೋಗುತ್ತದೆ, ಅಷ್ಟೇ.

ಇಲ್ಲಿ ಒಂದು ಮಾತು ಸೇರಿಸಬೇಕು. ಫ್ರಿಡ್ಜಿನ ಬಾಗಿಲಿಗೆ ಅಂಟಿಸಿರುವ ನಕ್ಷತ್ರಗಳ ಚೀಟಿ ವಿದ್ಯುತ್ತನ್ನು ಎಷ್ಟು ಮಿತವಾಗಿ ಬಳಸುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಫ್ರೀಜರ್ ಎಷ್ಟು ತಣ್ಣಗಿದೆ ಎಂಬುದನ್ನಲ್ಲ. ಒಂದು ಸಣ್ಣ ಥರ್ಮಾಮೀಟರ್ ತಂದು ಒಳಗಿಟ್ಟು ನೋಡಿ, ಮೈನಸ್ 18 ಬರುವವರೆಗೆ ಗುಂಡಿ ತಿರುಗಿಸಿಕೊಳ್ಳಿ. ಒಂಟಿ ಬಾಗಿಲಿನ ಹಳೆಯ ಫ್ರಿಡ್ಜುಗಳ ಐಸ್ ಪೆಟ್ಟಿಗೆ ಹಲವು ಸಲ ಅಷ್ಟು ತಣ್ಣಗಾಗುವುದಿಲ್ಲ. ಅಂಥದರಲ್ಲಿ ವಾರಗಳ ಲೆಕ್ಕದಲ್ಲಿ ಇಡಬಹುದು, ತಿಂಗಳುಗಳ ಲೆಕ್ಕದಲ್ಲಿ ಬೇಡ.

ಇನ್ನು ವಿಧಾನ. ಪದಾರ್ಥ ನಿಧಾನವಾಗಿ ಹೆಪ್ಪುಗಟ್ಟಿದಷ್ಟೂ ಅದರೊಳಗಿನ ನೀರು ದೊಡ್ಡ ಹರಳುಗಳಾಗಿ ಜೀವಕೋಶಗಳ ಗೋಡೆಯನ್ನು ಸೀಳುತ್ತದೆ, ಕರಗಿಸಿದಾಗ ನೀರೆಲ್ಲ ಸೋರಿ ತರಕಾರಿ ಜೋಲುಬೀಳುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಹಾನಿಯೂ ಕಡಿಮೆ. ಮನೆಯ ಫ್ರೀಜರಿಗೆ ಕಾರ್ಖಾನೆಯ ವೇಗ ಇಲ್ಲದಿರುವುದರಿಂದ ನಾವು ಮಾಡಬಹುದಾದದ್ದು ತೆಳುವಾಗಿ ಹರಡುವುದು, ಮೊದಲು ಕೆಳಗಿನ ಫ್ರಿಡ್ಜಿನಲ್ಲಿ ತಣ್ಣಗಾಗಿಸುವುದು ಮತ್ತು ಒಂದೇ ದಿನ ರಾಶಿ ತುಂಬದಿರುವುದು. ದುಂಡು ಡಬ್ಬಿಗಿಂತ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಮೇಲು: ಒಂದು ಊಟಕ್ಕೆ ಬೇಕಾದಷ್ಟನ್ನೇ ತುಂಬಿ, ಅಂಗೈಯಿಂದ ಸವರಿ ಗಾಳಿ ಹೊರಗೆ ಹಾಕಿ, ಚಪ್ಪಟೆಯಾಗಿ ಮಲಗಿಸಿ ಗಟ್ಟಿಯಾದ ಮೇಲೆ ಕಪಾಟಿನ ಪುಸ್ತಕಗಳಂತೆ ಸಾಲಾಗಿ ನಿಲ್ಲಿಸಿಬಿಟ್ಟರೆ ಜಾಗವೂ ಉಳಿಯುತ್ತದೆ, ಹುಡುಕುವ ಕಷ್ಟವೂ ಇಲ್ಲ. ಗಾಳಿ ಉಳಿದರೆ ಮೇಲ್ಮೈಯ ತೇವ ಮಂಜಿನಿಂದ ನೇರವಾಗಿ ಆವಿಯಾಗಿ ಪದಾರ್ಥ ಅಲ್ಲಲ್ಲಿ ಬೆಳ್ಳಗೆ ಒಣಗುತ್ತದೆ. ತಿಂದರೆ ತೊಂದರೆಯಿಲ್ಲ, ರುಚಿ ಮಾತ್ರ ಇರುವುದಿಲ್ಲ. ಗಾಜಿನ ಬಾಟಲಿಯಲ್ಲಿ ದ್ರವ ಇಡುವುದಾದರೆ ನೀರು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗುತ್ತದೆ ಎಂಬುದು ನೆನಪಿರಲಿ, ಮೇಲೆ ಜಾಗ ಬಿಡಿ.

ಏನಿಡಬೇಕು ಎಂಬುದಕ್ಕೆ ಅವರೆಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಹಳೆಯ ಮೈಸೂರಿನ ಕಡೆಯವರಿಗೆ ಫ್ರೀಜರಿನ ಅತ್ಯಂತ ದೊಡ್ಡ ಉಪಕಾರ ಅದೇ. ಡಿಸೆಂಬರ್, ಜನವರಿಯಲ್ಲಿ ಮಾಗಡಿಯ ಕಡೆಯಿಂದ ಸೊಗಡಿನ ಕಾಯಿ ಬೆಂಗಳೂರಿಗೆ ಬಂದು ಬೀಳುವ ದಿನಗಳಲ್ಲಿ ಎರಡು ರೀತಿಯಲ್ಲಿ ಕೂಡಿಡಬಹುದು. ಹಿತಕಿದ ಬೇಳೆಯಾದರೆ, ಸುಲಿದ ಕಾಳನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ಹಿತುಕಿ, ಜಾಲರಿಯಲ್ಲಿ ನೀರು ಬಸಿದು, ಹತ್ತಿಯ ಬಟ್ಟೆಯ ಮೇಲೆ ಫ್ಯಾನಿನ ಕೆಳಗೆ ತೇವ ಪೂರ್ತಿ ಆರುವವರೆಗೆ ಹರಡಿ. ಆಮೇಲೆ ಅಗಲವಾದ ತಟ್ಟೆಯಲ್ಲಿ ಒಂದರ ಮೇಲೊಂದು ಕೂರದಂತೆ ಬಿಡಿಬಿಡಿಯಾಗಿ ಹರವಿ ಫ್ರೀಜರಿನಲ್ಲಿಟ್ಟು, ಬೆರಳಿಗೆ ಸಣ್ಣ ಕಲ್ಲುಗಳಂತೆ ಗಟ್ಟಿಯಾಗಿ ಉರುಳತೊಡಗಿದ ಮೇಲೆ ಚೀಲಕ್ಕೆ ಸುರಿಯಿರಿ. ಈ ಒಂದು ಹೆಜ್ಜೆ ಬಿಟ್ಟು ನೇರವಾಗಿ ಚೀಲಕ್ಕೆ ತುಂಬಿದರೆ ಬೇಳೆಯೆಲ್ಲ ಒಂದೇ ಗಡ್ಡೆಯಾಗಿ, ಒಂದು ಹಿಡಿ ಬೇಕಾದಾಗಲೂ ಪೂರ್ತಿ ಕರಗಿಸಬೇಕಾಗುತ್ತದೆ. ಸಿಪ್ಪೆಯ ಸಮೇತ ಇಡುವ ಕಾಳಿಗೆ ಇನ್ನೊಂದು ಕೆಲಸ ಹೆಚ್ಚು: ಕುದಿಯುವ ನೀರಿಗೆ ಹಾಕಿ ಎರಡು ನಿಮಿಷದಲ್ಲಿ ತೆಗೆದು, ಆ ಕ್ಷಣವೇ ಐಸ್ ಹಾಕಿದ ನೀರಿಗೆ ಮುಳುಗಿಸಬೇಕು. ಕಾಳಿನೊಳಗಿನ ಕಿಣ್ವಗಳು ಮೈನಸ್ 18ರಲ್ಲೂ ಮೆಲ್ಲಗೆ ಕೆಲಸ ಮಾಡುತ್ತಲೇ ಇರುತ್ತವೆ, ಬಣ್ಣ ಕೆಡಿಸಿ ಒಣಹುಲ್ಲಿನಂಥ ವಾಸನೆ ತರುತ್ತವೆ. ಆ ಎರಡು ನಿಮಿಷದ ಬಿಸಿ ಅವನ್ನು ನಿಲ್ಲಿಸುತ್ತದೆ. ಹಸಿ ಬಟಾಣಿಗೂ, ಎಳೆಯ ತೊಗರಿಕಾಳಿಗೂ ಇದೇ ಕ್ರಮ. ಬಟಾಣಿಗೆ ಒಂದೂವರೆ ನಿಮಿಷ ಸಾಕು. ಸೊಗಡು ಪೂರ್ತಿ ಉಳಿಯುತ್ತದೆ ಎಂದು ನಾನು ಹೇಳಲಾರೆ, ಏಕೆಂದರೆ ಅದರ ಬಹುಪಾಲು ಕಾಯಿಯ ಸಿಪ್ಪೆಯಲ್ಲೇ ಇರುತ್ತದೆ. ಆದರೂ ಏಪ್ರಿಲ್ ತಿಂಗಳಿನಲ್ಲಿ ಅವರೆಕಾಳಿನ ಉಪ್ಪಿಟ್ಟು ಮಾಡಲು ಸಾಧ್ಯವಾಗುವುದು ನನಗೆ ಸಣ್ಣ ಸಂತೋಷವೇನಲ್ಲ.

ವಾರದ ದಿನಗಳ ಅವಸರಕ್ಕೆ ಒದಗುವುದು ತೆಂಗಿನಕಾಯಿ ತುರಿ. ಭಾನುವಾರ ಮೂರು ನಾಲ್ಕು ಕಾಯಿ ಒಟ್ಟಿಗೆ ಒಡೆದು, ಕರಟದ ಹತ್ತಿರದ ಕಂದುಭಾಗ ಬಾರದಂತೆ ತುರಿದು, ತೆಳುವಾಗಿ ಹರಡಿದ ಚೀಲಗಳಲ್ಲಿಟ್ಟರೆ ಬೆಳಗ್ಗೆ ಒಂದು ಮೂಲೆ ಮುರಿದು ಚಟ್ನಿಗೋ ಪಲ್ಯಕ್ಕೋ ಹಾಕಬಹುದು. ಪಲ್ಯಕ್ಕಾದರೆ ಕರಗಿಸುವ ಅಗತ್ಯವೂ ಇಲ್ಲ. ಹಾಲಿನ ಕೆನೆ ದಿನದಿನವೂ ಒಂದೇ ಡಬ್ಬಿಗೆ ಸೇರಿಸುತ್ತಾ ಹೋಗುವುದು ಅನೇಕರಿಗೆ ಗೊತ್ತಿದೆ. ಫ್ರಿಡ್ಜಿನಲ್ಲಿಟ್ಟ ಕೆನೆ ಕಹಿಯಾಗುವ ಮೊದಲೇ ಕಡೆಯಬೇಕಾಗುತ್ತದೆ, ಫ್ರೀಜರಿನಲ್ಲಿ ಆ ಆತುರವಿಲ್ಲ. ನಿಂಬೆಯ ರಸ, ಹುಣಿಸೆಯ ಗಟ್ಟಿ ರಸ, ಶುಂಠಿ ಮತ್ತು ಬೆಳ್ಳುಳ್ಳಿ ಅರೆದದ್ದು ಐಸ್ ಟ್ರೇಯಲ್ಲಿ ಗಟ್ಟಿಮಾಡಿ ಚೀಲಕ್ಕೆ ಹಾಕಿಕೊಳ್ಳಿ. ಕರಿಬೇವು ಪರವಾಗಿಲ್ಲ, ಕೊತ್ತಂಬರಿ ಸೊಪ್ಪು ಅರೆದರೆ ಮಾತ್ರ ಉಪಯೋಗ. ಊರಿನಿಂದ ಬರುವ ಸಾರಿನ ಪುಡಿ, ಹುಳಿಪುಡಿಗಳ ಪರಿಮಳ ಕೂಡ ಇಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ರವೆ ಮತ್ತು ಹಿಟ್ಟಿನ ಪೊಟ್ಟಣಗಳನ್ನು ತಂದೊಡನೆ ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ ಹುಳುಗಳ ಮೊಟ್ಟೆ ಸಾಯುತ್ತವೆ. ಪುಡಿಯಾಗಲಿ ಹಿಟ್ಟಾಗಲಿ, ಹೊರಗೆ ತೆಗೆದ ಮೇಲೆ ಕೋಣೆಯ ಉಷ್ಣತೆಗೆ ಬರುವವರೆಗೆ ಪೊಟ್ಟಣ ಬಿಚ್ಚಬೇಡಿ, ಬಿಚ್ಚಿದರೆ ಗಾಳಿಯ ತೇವ ಅದರ ಮೇಲೆ ಕೂರುತ್ತದೆ.

ಹಲಸಿನ ಕಾಲದಲ್ಲಿ ಒಂದು ಹಣ್ಣನ್ನು ಇಬ್ಬರೇ ತಿಂದು ಮುಗಿಸುವುದು ಅಸಾಧ್ಯ. ಬೀಜ ತೆಗೆದ ತೊಳೆಗಳನ್ನು ಹಾಗೆಯೇ, ಇಲ್ಲವೇ ರುಬ್ಬಿ ತಿರುಳು ಮಾಡಿ ಇಟ್ಟರೆ ಕಡುಬಿಗೂ ದೋಸೆಗೂ ಆಗುತ್ತದೆ. ಆದರೆ ಕಾಯಿಸೊಳೆಯ ವಿಷಯದಲ್ಲಿ ಕರಾವಳಿಯ ಉಪ್ಪುಸೊಳೆಯ ಬದಲಿಗೆ ಫ್ರೀಜರನ್ನು ನಾನು ಒಪ್ಪುವುದಿಲ್ಲ. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಕೂತು ಬರುವ ಆ ಹುಳಿಮಿಶ್ರಿತ ರುಚಿ ಬೇರೆಯೇ ಒಂದು ಪಾಕ, ತಣ್ಣಗಾಗಿಸಿದ ಸೊಳೆಯಿಂದ ಅದು ಸಿಗುವುದಿಲ್ಲ.

ನಿಮ್ಮ ಮನೆಯಲ್ಲಿ ಮೀನು ತಿನ್ನುವುದಾದರೆ ಇದನ್ನು ಗಮನವಿಟ್ಟು ಓದಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೇ ತಿಂಗಳಲ್ಲಿ ಕೂಡಿಡುವ ಆಸೆ ಸಹಜ. ಬಂಗುಡೆ, ಬೂತಾಯಿಗಳಲ್ಲಿ ಎಣ್ಣೆಯ ಅಂಶ ಹೆಚ್ಚು. ಆ ಎಣ್ಣೆ ಫ್ರೀಜರಿನಲ್ಲೂ ನಿಧಾನವಾಗಿ ಕಮಟುಹಿಡಿಯುತ್ತದೆ. ಎರಡು, ಹೆಚ್ಚೆಂದರೆ ಮೂರು ತಿಂಗಳೊಳಗೆ ಮುಗಿಸಿ. ಶುಚಿಮಾಡಿದ ಮೀನನ್ನು ಗಟ್ಟಿಮಾಡಿ, ಮಂಜಿನಷ್ಟು ತಣ್ಣನೆಯ ನೀರಿನಲ್ಲಿ ಅದ್ದಿ ಮತ್ತೆ ಫ್ರೀಜರಿಗಿಟ್ಟು, ಹೀಗೆ ಎರಡು ಮೂರು ಸಲ ಮಾಡಿದರೆ ಮೈಮೇಲೆ ತೆಳುವಾದ ಮಂಜಿನ ಹೊದಿಕೆ ಏರುತ್ತದೆ, ಅದು ಗಾಳಿಯನ್ನು ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮೀನು ಮಾರುಕಟ್ಟೆಯಿಂದ ಮನೆಗೆ ಬರುವವರೆಗೂ ಐಸ್‌ನಲ್ಲೇ ಇರಬೇಕು. ಬಂಗುಡೆಯಂಥ ಮೀನು ಬೆಚ್ಚಗಿನ ಗಾಳಿಯಲ್ಲಿ ಕೂತರೆ ಅದರಲ್ಲಿ ಹಿಸ್ಟಮೀನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದ್ದು ಹೆಪ್ಪುಗಟ್ಟಿಸಿದರೂ ಹೋಗದು, ಬೇಯಿಸಿದರೂ ಹೋಗದು, ತಿಂದವರಿಗೆ ಮೈ ಕೆಂಪಾಗಿ ತಲೆನೋವು ಬರುತ್ತದೆ.

ಬೆಂದ ಅಡುಗೆಯಲ್ಲಿ ಹೋಳಿಗೆ, ಅರೆಬೆಂದ ಚಪಾತಿ, ರುಬ್ಬಿದ ಮಸಾಲೆ, ಬೇಯಿಸಿದ ಕಡಲೆ ಮತ್ತು ರಾಜ್ಮಾ ಚೆನ್ನಾಗಿ ಇರುತ್ತವೆ. ಆಲೂಗೆಡ್ಡೆ ಇರುವ ಯಾವುದನ್ನೂ ಇಡಬೇಡಿ, ಕರಗಿದಾಗ ಸ್ಪಂಜಿನಂತೆ ನೀರು ಬಿಡುತ್ತದೆ. ಮೊಸರು ಒಡೆಯುತ್ತದೆ, ಬೇಯಿಸಿದ ಮೊಟ್ಟೆಯ ಬಿಳಿ ರಬ್ಬರಾಗುತ್ತದೆ, ಸೌತೆಕಾಯಿಯಲ್ಲಿ ಏನೂ ಉಳಿಯುವುದಿಲ್ಲ. ದೋಸೆಹಿಟ್ಟು ಕೆಡುವುದಿಲ್ಲ, ಆದರೆ ಉಬ್ಬುವ ಶಕ್ತಿ ತಗ್ಗುತ್ತದೆ. ಇಡ್ಲಿಗೆ ನಾನು ಬಳಸುವುದಿಲ್ಲ.

ಪ್ರತಿ ಚೀಲಕ್ಕೂ ಕಾಗದದ ಪಟ್ಟಿ ಅಂಟಿಸಿ ಹೆಸರು ಮತ್ತು ದಿನಾಂಕ ಬರೆಯಿರಿ. ಹೆಪ್ಪುಗಟ್ಟಿದ ಮೇಲೆ ಕಾಯಿತುರಿಗೂ ಬೇಳೆಯ ಪುಡಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ಒಳಗೆ ಏನಿದೆ ಎಂಬ ಪಟ್ಟಿಯನ್ನು ಬಾಗಿಲ ಮೇಲೆ ಹಾಕಿ, ತೆಗೆದೊಡನೆ ಹೊಡೆದುಹಾಕುವುದನ್ನು ಇಬ್ಬರೂ ರೂಢಿಮಾಡಿಕೊಳ್ಳಿ. ಒಬ್ಬರೇ ಮಾಡಿದರೆ ಪಟ್ಟಿ ಒಂದೇ ವಾರದಲ್ಲಿ ಸುಳ್ಳಾಗುತ್ತದೆ.

ಕರಗಿಸುವುದನ್ನು ಹಿಂದಿನ ರಾತ್ರಿ ಫ್ರಿಡ್ಜಿನ ಕೆಳಗಿನ ಭಾಗದಲ್ಲಿ ಮಾಡಿ. ಆತುರವಿದ್ದರೆ ಮುಚ್ಚಿದ ಚೀಲವನ್ನು ತಣ್ಣೀರಿನಲ್ಲಿ ಮುಳುಗಿಸಿ ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಮೀನು, ಮಾಂಸಗಳನ್ನು ಅಡುಗೆಕಟ್ಟೆಯ ಮೇಲೆ ಬಿಡಬಾರದು, ಒಳಭಾಗ ಇನ್ನೂ ಗಟ್ಟಿಯಿರುವಾಗಲೇ ಹೊರಭಾಗ ಅಪಾಯದ ಉಷ್ಣತೆಗೆ ಬಂದಿರುತ್ತದೆ. ಹಿತಕಿದ ಬೇಳೆ, ಬಟಾಣಿಗಳಿಗೆ ಇದಾವುದೂ ಬೇಡ, ನೇರವಾಗಿ ಕುದಿಯುವ ನೀರಿಗೆ ಹಾಕಿ.

ಕರೆಂಟು ಹೋದರೆ ಬಾಗಿಲು ತೆಗೆಯದಿರುವುದೇ ಮೊದಲ ಕೆಲಸ. ತುಂಬಿದ ಪ್ರತ್ಯೇಕ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗೆ ನಿಲ್ಲುತ್ತದೆ; ಫ್ರಿಡ್ಜಿನ ಮೇಲಿನ ಸಣ್ಣ ಫ್ರೀಜರಿಗೆ ಅಷ್ಟು ತಾಳಿಕೆ ಇಲ್ಲ. ಊರಿಗೆ ಹೋಗುವಾಗ ಒಂದು ಬಟ್ಟಲು ನೀರನ್ನು ಗಟ್ಟಿಮಾಡಿ ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ, ತಳ ಸೇರಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಮೀನು ಮತ್ತು ಬೆಂದ ಅಡುಗೆಯನ್ನು ಎಸೆಯಿರಿ. ಭಾಗಶಃ ಕರಗಿ ಇನ್ನೂ ಮಂಜಿನ ಹರಳು ಕಾಣುತ್ತಿರುವುದನ್ನು ಮತ್ತೆ ಗಟ್ಟಿಮಾಡಬಹುದು, ಹದ ಸ್ವಲ್ಪ ಕೆಡುತ್ತದೆ.

ಡೀಪ್ ಫ್ರೀಜರ್ ಕೊಳ್ಳುವುದನ್ನು ಸದ್ಯಕ್ಕೆ ಮುಂದೂಡಿ. ಒಂದು ಅವರೆಯ ಸುಗ್ಗಿ, ಒಂದು ಹಲಸಿನ ಕಾಲ ಈಗಿರುವುದರಲ್ಲೇ ನಡೆಸಿ, ಬಾಗಿಲ ಮೇಲಿನ ಪಟ್ಟಿಯನ್ನು ನೋಡಿ. ಹೊಡೆದುಹಾಕಿದ ಸಾಲುಗಳೇ ಹೆಚ್ಚಿದ್ದು ಜಾಗ ಸಾಲದಾದರೆ ಕೊಳ್ಳುವುದಕ್ಕೆ ಅರ್ಥವಿದೆ. ಸಾಲುಗಳು ಹಾಗೆಯೇ ಉಳಿದಿದ್ದರೆ ಇನ್ನೊಂದು ಪೆಟ್ಟಿಗೆಯಿಂದ ಕರೆಂಟು ಬಿಲ್ಲಷ್ಟೇ ಏರುತ್ತದೆ. ಕೊಳ್ಳುವುದೇ ಆದರೆ ಮೇಲೆ ಮುಚ್ಚಳವಿರುವ ಪೆಟ್ಟಿಗೆಯ ಮಾದರಿ ನೋಡಿ: ತಣ್ಣನೆಯ ಗಾಳಿ ಭಾರವಾದ್ದರಿಂದ ಮುಚ್ಚಳ ತೆಗೆದಾಗಲೂ ಒಳಗೇ ನಿಲ್ಲುತ್ತದೆ. ಇಬ್ಬರ ಮನೆಗೆ 100 ಲೀಟರಿನದು ಧಾರಾಳ. ಅದರಲ್ಲಿ ಕಟ್ಟುವ ಮಂಜನ್ನು ಆಗಾಗ ನೀವೇ ಕರಗಿಸಿ ತೆಗೆಯಬೇಕಾಗುತ್ತದೆ, ಆಗ ಚಾಕುವಿನಿಂದ ಕೆರೆಯಬೇಡಿ. ಗೋಡೆಯೊಳಗಿನ ಅನಿಲದ ಕೊಳವೆಗೆ ತೂತು ಬಿದ್ದರೆ ರಿಪೇರಿಯ ಖರ್ಚು ದೊಡ್ಡದು. ಕರೆಂಟು ಆರಿಸಿ, ಬಿಸಿನೀರಿನ ಪಾತ್ರೆಯೊಂದನ್ನು ಒಳಗಿಟ್ಟು ಮುಚ್ಚಿ ಬಿಟ್ಟರೆ ಮಂಜು ತಾನಾಗಿಯೇ ಕಳಚಿಕೊಳ್ಳುತ್ತದೆ.